14 ಜನರಲ್ಲಿ ನಾಲ್ವರನ್ನು ಕಳಿಸುವುದಾ, ಎಲ್ಲರ ಸಂಬಳ ಕಡಿಮೆ ಮಾಡುವುದಾ?

ರಟ್ಟಿನ_ಪೆಟ್ಟಿಗೆ (ಬೈಕಂಪಾಡಿ):

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಓದುವುದೇ ಜಾಸ್ತಿ, ಬರೆದದ್ದು ಇಲ್ಲವೇ ಇಲ್ಲ ಅನ್ನಬಹುದು. ಆದರೆ ನಾಲ್ಕು ದಿನದಿಂದ ನಿದ್ದೆ ಸರಿ ಇಲ್ಲ, ಮನೆಯಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಉದ್ದ ಆಯಿತು ಅಂತ ಬಯ್ಯಬೇಡಿ.

ಮಂಗಳೂರಿನ ಹತ್ತಿರ ಬೈಕಂಪಾಡಿಯಲ್ಲಿ ನಮ್ಮದೊಂದು ಸಣ್ಣ ಕಾರ್ಟನ್ ಬಾಕ್ಸ್ ಯೂನಿಟ್ ಉಂಟು. ಅಪ್ಪ ಶುರು ಮಾಡಿದ್ದು, ಎಂಟು ವರ್ಷದಿಂದ ನಾನು ನೋಡಿಕೊಳ್ಳುತ್ತಿದ್ದೇನೆ. ಕ್ರಾಫ್ಟ್ ಪೇಪರ್ ರೀಲ್ ತರಿಸುವುದು, ಸುಕ್ಕು ಹಾಕುವುದು, ಪದರ ಅಂಟಿಸುವುದು, ಕ್ರೀಸ್ ಹಾಕಿ ಪಿನ್ ಹೊಡೆಯುವುದು, ಇಷ್ಟೇ ಕೆಲಸ. ಗಿರಾಕಿಗಳು ಅಂದರೆ ಗೇರುಬೀಜದ ಫ್ಯಾಕ್ಟರಿಯವರು, ಮತ್ತೆ ಎಟ್ಟಿ (ಸೀಗಡಿ), ಮೀನು ಎಕ್ಸ್‌ಪೋರ್ಟ್ ಮಾಡುವವರು. ಗೇರುಬೀಜದ ಪೆಟ್ಟಿಗೆ ಎಂದರೆ 11.34 ಕೆಜಿಯ ಎರಡು ಪ್ಯಾಕೆಟ್ ಒಂದರೊಳಗೆ ಸರಿಯಾಗಿ ಕೂರಬೇಕು, ಒಂದು ನೂಲು ಆಚೀಚೆ ಆದರೂ ಲೋಡ್ ವಾಪಸ್ ಬರುತ್ತದೆ.

2025ರ ಆಗಸ್ಟ್ 27ಕ್ಕೆ ಅಮೆರಿಕದವರು ನಮ್ಮ ದೇಶದ ಮಾಲಿನ ಮೇಲೆ ಸುಂಕವನ್ನು 50 ಪರ್ಸೆಂಟಿಗೆ ಏರಿಸಿದರಲ್ಲ, ಆಗ ಎಟ್ಟಿಯ ದೊಡ್ಡ ಗಿರಾಕಿ ಆರ್ಡರನ್ನು ಅರ್ಧಕ್ಕೆ ಇಳಿಸಿದರು. ಗೇರುಬೀಜದವರು ಇಬ್ಬರು ತಿಂಗಳಿಗೆ ಎರಡು ಲೋಡ್ ತೆಗೆಯುತ್ತಿದ್ದದ್ದು ಒಂದಕ್ಕೆ ಬಂತು. ಒಬ್ಬರೂ ಪೂರ್ತಿ ನಿಲ್ಲಿಸಲಿಲ್ಲ, ಅದೇ ಒಂದು ಆಸೆ.

ಲೆಕ್ಕ ಹೀಗೆ. 14 ಜನ ಇದ್ದಾರೆ. ತಿಂಗಳ ಸಂಬಳ ಎಲ್ಲ ಸೇರಿ 2,80,000. ನಾನು ಮನೆಗೆ ತೆಗೆಯುವುದು 45,000, ಅದು ಬೇರೆ. ಮಿಷನ್ ಸಾಲದ ಕಂತು ಬೇರೆ. ಈಗ ಬರುವ ಕೆಲಸಕ್ಕೆ ತಿಂಗಳಿಗೆ 70,000 ಕಡಿಮೆ ಬೀಳುತ್ತದೆ. ಇಷ್ಟು ದಿನ ಬ್ಯಾಂಕಿನ ಓವರ್‌ಡ್ರಾಫ್ಟ್ ಅಕೌಂಟಿನಿಂದ ತೆಗೆದು ಕೊಟ್ಟೆ. ಈಗ ಅದರ ಲಿಮಿಟ್ಟೂ ಮುಟ್ಟಿತು.

ಕೊನೆಗೆ ಸೇರಿದ ನಾಲ್ವರನ್ನು ಬಿಟ್ಟರೆ ಸರಿಯಾಗಿ 70,000 ಉಳಿಯುತ್ತದೆ. ಇಲ್ಲವೇ ಎಲ್ಲರಿಗೂ 25 ಪರ್ಸೆಂಟ್ ಕಡಿಮೆ ಮಾಡಿದರೆ ಅದೂ 70,000. ಕಾಗದದ ಮೇಲೆ ಎರಡೂ ಒಂದೇ. ಭಾವ ಹೇಳುವುದು ನಾಲ್ವರನ್ನು ಬಿಡು, ಒಂದೇ ಸಲ ನೋವು, ಮುಗಿಯಿತು ಅಂತ. ಅಪ್ಪ ಹೇಳುವುದು ಒಬ್ಬರನ್ನೂ ಬಿಡಬೇಡ, ನಾನು ಇದ್ದಾಗ ಬಿಡಲಿಲ್ಲ ಅಂತ. (ಅಪ್ಪನ ಕಾಲದಲ್ಲಿ ಐದೇ ಜನ ಇದ್ದದ್ದು, ಅದನ್ನು ಹೇಳಲಿಕ್ಕೆ ಹೋದರೆ ಊಟ ಬಿಟ್ಟು ಏಳುತ್ತಾರೆ.)

ಇನ್ನೊಂದು ತಲೆಬಿಸಿ ಉಂಟು. ಕೊನೆಗೆ ಸೇರಿದ ನಾಲ್ವರಲ್ಲಿ ಒಬ್ಬ ನಮ್ಮ ಫ್ಲೆಕ್ಸೋ ಪ್ರಿಂಟಿಂಗ್ ಮಿಷನ್ ಓಡಿಸುವ ಹುಡುಗ. ಅವನನ್ನು ಬಿಟ್ಟರೆ ಪೆಟ್ಟಿಗೆಯ ಮೇಲೆ ಹೆಸರು ಅಚ್ಚು ಹಾಕುವವರೇ ಇಲ್ಲ. ಅವನನ್ನು ಉಳಿಸಿಕೊಂಡು ಹಳಬರಲ್ಲಿ ಒಬ್ಬರನ್ನು ಬಿಡುವುದಾದರೆ ಯಾರನ್ನು? ಅಂಟಿಸುವ ಅಕ್ಕ 19 ವರ್ಷದಿಂದ ಇದ್ದಾರೆ. ಅಂಟಿನ ಗಂಜಿ ಕಾಯಿಸಿದ್ದು ಸರಿಯಾಯಿತಾ ಅಂತ ನೋಡಲು ಅವರು ಎರಡು ಬೆರಳು ಅದ್ದಿ ಹೀಗೆ ಬಿಡಿಸುತ್ತಾರೆ, ನೂಲು ಎಷ್ಟು ಉದ್ದ ಬಂತು ನೋಡಿ "ಇನ್ನು ಅರ್ಧ ಚೆಂಬು ನೀರು" ಅನ್ನುತ್ತಾರೆ. ಮಳೆಗಾಲದಲ್ಲಿ ನಮ್ಮ ಪೆಟ್ಟಿಗೆ ಬಾಯಿ ಬಿಡುವುದಿಲ್ಲ ಅಂತ ಹೆಸರು ಇರುವುದು ಆ ಎರಡು ಬೆರಳಿನಿಂದ.

ಇಂಥದ್ದನ್ನು ಅನುಭವಿಸಿದವರು, ಸಂಬಳ ಕೊಡುವ ಕಡೆಯವರಾದರೂ ಸರಿ, ತೆಗೆದುಕೊಳ್ಳುವ ಕಡೆಯವರಾದರೂ ಸರಿ, ಹೇಳಿ.


ಟೈಮ್_ಆಫೀಸ್ (ನಿವೃತ್ತ):

ನಾನು ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ (ಹಾಜರಿ ಲೆಕ್ಕ ಇಡುವ ಕಡೆ) 31 ವರ್ಷ ಇದ್ದವನು. ನಿಮ್ಮ ಮನಸ್ಸಿನ ವಿಷಯ ಬೇರೆಯವರು ಹೇಳಲಿ, ನಾನು ಕಾಯಿದೆಯ ವಿಷಯ ಹೇಳುತ್ತೇನೆ. ಯಾಕೆಂದರೆ ನಿಮ್ಮ ಎರಡೂ ದಾರಿ ನೀವು ಅಂದುಕೊಂಡ ಹಾಗೆ ಇಲ್ಲ.

ಮೊದಲು ಹೆಸರು ಸರಿ ಮಾಡಿಕೊಳ್ಳಿ. ಪೇಪರಿನಲ್ಲಿ, ಟಿವಿಯಲ್ಲಿ ಲೇಆಫ್ ಎಂದರೆ ಕೆಲಸದಿಂದ ತೆಗೆಯುವುದು. ನಮ್ಮ ಕಾಯಿದೆಯಲ್ಲಿ ಲೇಆಫ್ ಎಂದರೆ ಕೆಲಸ ಇಲ್ಲದ ದಿನ ಮನೆಯಲ್ಲಿರು, ಹೆಸರು ಮಾತ್ರ ಹಾಜರಿ ಪುಸ್ತಕದಲ್ಲಿ ಇರುತ್ತದೆ ಅಂತ. ಪೂರ್ತಿ ತೆಗೆಯುವುದಕ್ಕೆ ರಿಟ್ರೆಂಚ್‌ಮೆಂಟ್ ಅನ್ನುತ್ತಾರೆ. 1947ರ ಕೈಗಾರಿಕಾ ವಿವಾದ ಕಾಯಿದೆಯಲ್ಲೂ ಹೀಗೇ ಇತ್ತು, 2025ರ ನವೆಂಬರ್ 21ಕ್ಕೆ ಅದರ ಬದಲಿಗೆ ಜಾರಿಗೆ ಬಂದ ಹೊಸ ಕೈಗಾರಿಕಾ ಸಂಬಂಧಗಳ ಕೋಡಿನಲ್ಲೂ ಹೀಗೇ ಉಂಟು.

ತೆಗೆಯುವುದಾದರೆ ಒಂದು ವರ್ಷ ಆದ ಯಾರಿಗೇ ಆಗಲಿ ಒಂದು ತಿಂಗಳ ನೋಟಿಸ್, ಇಲ್ಲವೇ ಆ ತಿಂಗಳ ಸಂಬಳ ಕೊಡಬೇಕು. ಅದರ ಮೇಲೆ ಪೂರ್ತಿಯಾದ ಪ್ರತಿ ವರ್ಷಕ್ಕೆ 15 ದಿನದ ಸಂಬಳ. ಹೊಸ ಕೋಡಿನಲ್ಲಿ ಇನ್ನೊಂದು ಸೇರಿತು, ತೆಗೆದ ಪ್ರತಿಯೊಬ್ಬರ ಹೆಸರಿನಲ್ಲಿ 15 ದಿನದ ಸಂಬಳವನ್ನು ಮರುತರಬೇತಿ ನಿಧಿಗೆ ಕಟ್ಟಬೇಕು, ಅದು ಅವರ ಖಾತೆಗೆ ಹೋಗುತ್ತದೆ. "ನಾವು 14 ಜನ, ನಮಗೆಲ್ಲಿ ಕಾಯಿದೆ" ಅನ್ನಬೇಡಿ. ಕಾಯಿದೆಯಲ್ಲಿ ಬರುವ 300 ಜನರ ಲೆಕ್ಕ ತೆಗೆಯುವ ಮೊದಲು ಸರಕಾರದ ಅನುಮತಿ ಬೇಕೋ ಬೇಡವೋ ಅನ್ನುವುದಕ್ಕೆ ಮಾತ್ರ.

ನಿಮ್ಮ ಅಂಟಿಸುವ ಅಕ್ಕನ ಲೆಕ್ಕ ನೋಡುವ. ದಿನಕ್ಕೆ 700 ಅಂತ ಇಟ್ಟುಕೊಳ್ಳಿ, 26 ದಿನಕ್ಕೆ 18,200. ಕೆಲಸ ಬಿಡುವಾಗ ಕೊಡಬೇಕಾದ ಗ್ರಾಚ್ಯುಟಿ ವರ್ಷಕ್ಕೆ 15 ದಿನದ ಹಾಗೆ 10,500, ಅದಕ್ಕೆ 19 ಗುಣಿಸಿದರೆ 1,99,500. ತೆಗೆದ ಪರಿಹಾರವೂ ಹತ್ತಿರ ಹತ್ತಿರ ಅಷ್ಟೇ. ನೋಟಿಸಿನ ಸಂಬಳ ಬೇರೆ. ಅಂದರೆ ನಾಲ್ಕು ಲಕ್ಷದ ಸುತ್ತಮುತ್ತ ಕೈಯಿಂದ ಹೋಗುತ್ತದೆ, ಉಳಿಯುವುದು ತಿಂಗಳಿಗೆ 18,200. ನೀವೇ ಭಾಗಿಸಿ ನೋಡಿ.

ಕೊನೆಗೆ ಬಂದವರು ಮೊದಲು ಹೋಗುವುದು ಅನ್ನುವುದು ಸಾಮಾನ್ಯ ನಿಯಮ. ಫ್ಲೆಕ್ಸೋ ಹುಡುಗನನ್ನು ಉಳಿಸಿಕೊಳ್ಳಬಹುದು, ಆದರೆ ಕಾರಣವನ್ನು ಬರೆದು ಇಡಬೇಕು. ಒಂದು ವರ್ಷದೊಳಗೆ ಮತ್ತೆ ಜನ ತೆಗೆದುಕೊಳ್ಳುವುದಾದರೆ ಹೋದವರನ್ನೇ ಮೊದಲು ಕರೆಯಬೇಕು, ಅದನ್ನೂ ನೆನಪಿಡಿ.

ಸಂಬಳ ಕಡಿಮೆ ಮಾಡುವುದೂ ಸುಮ್ನೆ ಅಲ್ಲ. 21 ದಿನ ಮೊದಲು ನೋಟಿಸ್ ಬೇಕು. ಮತ್ತೆ ಕನಿಷ್ಠ ವೇತನಕ್ಕಿಂತ ಕೆಳಗೆ ಹೋಗುವ ಹಾಗಿಲ್ಲ, ಕೆಲಸಗಾರ ಒಪ್ಪಿ ಸಹಿ ಹಾಕಿದರೂ ಆ ಕಾಗದಕ್ಕೆ ಬೆಲೆ ಇಲ್ಲ. ನಿಮ್ಮ ಹೆಲ್ಪರ್‌ಗಳಿಗೆ ನೀವು ಎಷ್ಟು ಕೊಡುತ್ತಿದ್ದೀರಿ ನನಗೆ ಗೊತ್ತಿಲ್ಲ, ಆದರೆ 25 ಪರ್ಸೆಂಟ್ ತೆಗೆದರೆ ಅವರು ಖಂಡಿತ ಕೆಳಗೆ ಹೋಗುತ್ತಾರೆ ಅಂತ ನನ್ನ ಅಂದಾಜು.


ಅಚ್ಚುಮೊಳೆ (ಮಂಗಳೂರು):

ಟೈಮ್ ಆಫೀಸಿನವರೇ, ಗ್ರಾಚ್ಯುಟಿಯನ್ನು ಆ ಲೆಕ್ಕಕ್ಕೆ ಸೇರಿಸಿದ್ದು ಸರಿಯಲ್ಲ. ಅದು ಇವತ್ತಲ್ಲ ನಾಳೆ ಕೊಡಲೇಬೇಕಾದ ಹಣ, ಅಕ್ಕ ತಾವಾಗಿ ನಿವೃತ್ತಿಯಾದರೂ ಕೊಡಬೇಕು. ಅದನ್ನು ಬಿಟ್ಟರೆ ಖರ್ಚು ಅರ್ಧ.

ಪೆಟ್ಟಿಗೆಯವರೇ, ನಾನು ನಿಮ್ಮ ಭಾವನ ಪಕ್ಷ. ಬೇಜಾರು ಮಾಡಿಕೊಳ್ಳಬೇಡಿ, ನನ್ನ ಕಥೆ ಕೇಳಿ.

ನನ್ನದು ಪ್ರಿಂಟಿಂಗ್ ಪ್ರೆಸ್ ಇತ್ತು. ಮದುವೆ ಕಾಗದ, ಬಿಲ್ ಬುಕ್, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಹ್ಯಾಂಡ್‌ಬಿಲ್. ಒಂಬತ್ತು ಜನ. ಕೆಲಸ ಕಡಿಮೆಯಾಗಲು ಶುರುವಾದಾಗ ನಾನೂ ಒಳ್ಳೆಯವನಾಗಲಿಕ್ಕೆ ಹೋದೆ. ಯಾರನ್ನೂ ಬಿಡುವುದಿಲ್ಲ, ಎಲ್ಲರಿಗೂ 20 ಪರ್ಸೆಂಟ್ ಕಡಿಮೆ, ಸೀಸನ್ ಬಂದ ಮೇಲೆ ಸರಿ ಮಾಡುವ ಅಂತ ಹೇಳಿದೆ. ಎಲ್ಲರೂ ಹೂಂ ಅಂದರು. ಎರಡೇ ತಿಂಗಳು. ನನ್ನ ಆಫ್‌ಸೆಟ್ ಮಿಷನ್ನಿನವನು, ಕಿವಿಯಲ್ಲೇ ಮಿಷನ್ನಿನ ರೋಗ ಹೇಳುತ್ತಿದ್ದವನು, ಮೊದಲು ಹೋದ. ಆಮೇಲೆ ಡಿಸೈನ್ ಮಾಡುವ ಹುಡುಗಿ. ಬೇರೆ ಕಡೆ ಕೆಲಸ ಸಿಗುವವರೆಲ್ಲ ಹೋದರು. ಉಳಿದವರು ಎಲ್ಲಿಯೂ ಸಿಗದವರು ಮತ್ತು ಕೋಪ ಇದ್ದೂ ಹೋಗಲಾಗದವರು. ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಡಬೇಕು ಅಂತ ಆರಿಸುವ ಕೆಲಸ ನನ್ನ ಕೈಯಿಂದ ಹೋಯಿತು ನೋಡಿ. ಸಂಬಳ ಕಡಿಮೆ ಮಾಡಿದ್ದಕ್ಕೆ ತೆತ್ತ ಬೆಲೆ ಅದು.

ಸೀಸನ್ ಬಂತು. ಮದುವೆಗಳೂ ಬಂದವು. ಕಾಗದ ಬರಲಿಲ್ಲ. ಎಲ್ಲರೂ ವಾಟ್ಸಾಪಿನಲ್ಲಿ ಕಳಿಸಿ, ಹತ್ತಿರದ ನೆಂಟರಿಗೆ ಅಂತ 100 ಕಾಗದ ಮಾತ್ರ ಅಚ್ಚು ಹಾಕಿಸಿದರು. ಹಿಂದೆ 800 ಹಾಕಿಸುತ್ತಿದ್ದ ಮನೆಗಳವು. ನಾನು ಕಾಯುತ್ತಿದ್ದದ್ದು ಮಳೆ ನಿಲ್ಲಲಿ ಅಂತ, ಆದದ್ದು ಹೊಳೆಯೇ ದಾರಿ ಬದಲಿಸಿತ್ತು.

ನಾಲ್ವರನ್ನು ಆಗಲೇ ಮರ್ಯಾದೆಯಿಂದ ಪರಿಹಾರ ಕೊಟ್ಟು ಕಳಿಸಿದ್ದರೆ ಇವತ್ತು ಐದು ಜನರ ಒಂದು ಪ್ರೆಸ್ ಉಳಿಯುತ್ತಿತ್ತು. ಈಗ ಆ ಜಾಗದಲ್ಲಿ ಮೊಬೈಲ್ ಕವರ್ ಮಾರುತ್ತಾರೆ, ಬಾಡಿಗೆ ನನಗೆ ಬರುತ್ತದೆ, ಅಷ್ಟೇ.


ಸುರತ್ಕಲ್_ಸಂಜೆಬಸ್:

ನಾನು ತೆಗೆದುಕೊಳ್ಳುವ ಕಡೆಯವಳು. 2020ರಲ್ಲಿ ನಮ್ಮ ಕಂಪನಿಯಲ್ಲಿ (ಹೆಸರು ಬೇಡ, ಈಗಲೂ ಅಲ್ಲಿಯವರು ಬಸ್ಸಿನಲ್ಲಿ ಸಿಗುತ್ತಾರೆ) ಎಲ್ಲರಿಗೂ 30 ಪರ್ಸೆಂಟ್ ಕಡಿಮೆ ಮಾಡಿದರು. ಮೂರು ತಿಂಗಳು ಅಂದರು. 14 ತಿಂಗಳು ಹೋಯಿತು.

ನಿಜ ಹೇಳುತ್ತೇನೆ, ಮೊದಲ ಮೂರು ತಿಂಗಳು ನಮಗೆ ಯಾರಿಗೂ ಬೇಜಾರು ಇರಲಿಲ್ಲ. ಊರೆಲ್ಲ ಬಾಗಿಲು ಹಾಕಿತ್ತು, ಕೆಲಸ ಇದೆಯಲ್ಲ ಅಂತಲೇ ಸಮಾಧಾನ. ಬೇಜಾರು ಶುರುವಾದದ್ದು ಬೇರೆ ವಿಷಯದಿಂದ. ಅಕೌಂಟ್ಸಿನ ಹುಡುಗಿ ಒಂದು ದಿನ ಊಟದ ಹೊತ್ತಿಗೆ ಬಾಯಿ ತಪ್ಪಿ ಹೇಳಿದಳು, ಮ್ಯಾನೇಜರುಗಳ ಸಂಬಳ ಒಂದು ರೂಪಾಯಿಯೂ ಕಡಿಮೆಯಾಗಿಲ್ಲ ಅಂತ. ಅವತ್ತು ಯಾರೂ ಗಲಾಟೆ ಮಾಡಲಿಲ್ಲ. ಆದರೆ ಮರುದಿನದಿಂದ ಸಂಜೆ ಐದೂವರೆಗೆ ಸರಿಯಾಗಿ ಎಲ್ಲರ ಬ್ಯಾಗೂ ಹೆಗಲಿಗೆ. ಮೊದಲೆಲ್ಲ ಕೆಲಸ ಬಾಕಿ ಇದ್ದರೆ ಆರೂಕಾಲಿನ ಬಸ್ಸಿಗೆ ಹೋಗುತ್ತಿದ್ದವರು ನಾವು. ಸಣ್ಣ ತಪ್ಪು ಕಂಡರೆ ತಿದ್ದುತ್ತಿದ್ದವರು ನೋಡಿಯೂ ನೋಡದ ಹಾಗೆ ಕೂತೆವು. ಆ 30 ಪರ್ಸೆಂಟನ್ನು ನಾವೂ ನಮ್ಮ ಲೆಕ್ಕದಲ್ಲಿ ಕಡಿಮೆ ಮಾಡಿದೆವು ಅನ್ನಿ.

ಅಚ್ಚುಮೊಳೆಯವರ ಹಾಗೆ ನಾನು ಸಂಬಳ ಕಡಿಮೆ ಮಾಡಲೇಬಾರದು ಅನ್ನುವುದಿಲ್ಲ. ನಮ್ಮ ಅಣ್ಣನನ್ನು ಬೇರೊಂದು ಕಡೆ ಅದೇ ವರ್ಷ ಕೆಲಸದಿಂದ ತೆಗೆದರು. ಮನೆಯಲ್ಲಿ ಇಬ್ಬರೂ ಇದ್ದೆವು, ಎರಡನ್ನೂ ನೋಡಿದ್ದೇನೆ. ನನಗೆ ಕೋಪ ಇತ್ತು, ಅವನಿಗೆ ಮಾತೇ ಇರಲಿಲ್ಲ. ಬೆಳಿಗ್ಗೆ ಎದ್ದು ಶೇವ್ ಮಾಡಿ, ಇಸ್ತ್ರಿ ಹಾಕಿದ ಶರ್ಟ್ ಹಾಕಿ, ಜಗಲಿಯಲ್ಲಿ ಕೂರುತ್ತಿದ್ದ. ಆರು ತಿಂಗಳು. ಕೋಪ ಬೇಗ ಹೋಗುತ್ತದೆ, ಅದು ಹೋಗುವುದಿಲ್ಲ.

ನಿಮ್ಮ 45,000ದ ವಿಷಯ ನೀವು ಒಂದೇ ಸಾಲಿನಲ್ಲಿ "ಅದು ಬೇರೆ" ಅಂತ ಬರೆದು ಮುಂದೆ ಹೋದಿರಿ. ಅದು ಬೇರೆ ಅಲ್ಲ ಅಣ್ಣ. ಮೊದಲು ಅಲ್ಲಿಂದ ಶುರು ಮಾಡಿ.


ಮಣಿಪಾಲ_ಮಳೆ:

ಅರ್ಥಶಾಸ್ತ್ರ ಪಾಠ ಮಾಡುವವನು ನಾನು, ಮಕ್ಕಳು ಕೇಳುವುದಿಲ್ಲ, ನೀವಾದರೂ ಕೇಳಿ.

ಮೇಲೆ ಇಬ್ಬರು ಹೇಳಿದ್ದನ್ನು ಯೇಲ್ ವಿಶ್ವವಿದ್ಯಾಲಯದ ಟ್ರೂಮನ್ ಬ್ಯೂಲಿ ಅನ್ನುವವರು 1990ರ ದಶಕದ ಮೊದಲಿಗೆ ಅಮೆರಿಕದ ಈಶಾನ್ಯ ಭಾಗದಲ್ಲಿ ವ್ಯಾಪಾರ ಬಿದ್ದಿದ್ದಾಗ ಹೋಗಿ ಕೇಳಿದ್ದರು. ಮಾಲೀಕರು, ಮ್ಯಾನೇಜರುಗಳು, ಯೂನಿಯನ್‌ನವರು ಅಂತ 300ಕ್ಕೂ ಹೆಚ್ಚು ಜನರ ಜೊತೆ ಕೂತು ಮಾತಾಡಿದರು. ಪುಸ್ತಕದ ಪ್ರಕಾರ ಕೆಲಸ ಕಡಿಮೆಯಾದರೆ ಕೂಲಿ ಇಳಿಯಬೇಕು, ಟೊಮೆಟೊ ರೇಟ್ ಇಳಿದ ಹಾಗೆ. ಆದರೆ ಇಳಿಯುವುದಿಲ್ಲ, ಜನರನ್ನೇ ತೆಗೆಯುತ್ತಾರೆ. ಯಾಕೆ ಅಂದರೆ ಮಾಲೀಕರು ಹೇಳಿದ್ದು ಇಷ್ಟು: ತೆಗೆದವನ ಕೋಪ ಗೇಟಿನ ಹೊರಗೆ ಹೋಗುತ್ತದೆ, ಸಂಬಳ ಕಡಿಮೆ ಮಾಡಿದವನ ಕೋಪ ದಿನಾ ಬೆಳಿಗ್ಗೆ ಒಳಗೆ ಬಂದು ಪಂಚ್ ಹಾಕುತ್ತದೆ. ಒಳ್ಳೆಯವರು ಬಿಟ್ಟು ಹೋಗುತ್ತಾರೆ ಅನ್ನುವ ಹೆದರಿಕೆಯನ್ನೂ ಹೇಳಿದ್ದರು. ಆದರೆ ಇದು ಮಾಲೀಕರ ಕಡೆಯ ಲೆಕ್ಕ ಮಾತ್ರ. ಗೇಟಿನ ಹೊರಗೆ ಹೋದ ಕೋಪ ಸುರತ್ಕಲ್‌ನವರ ಮನೆಯ ಜಗಲಿಯಲ್ಲಿ ಕೂತಿತ್ತಲ್ಲ, ಅದು ಯಾರ ಖಾತೆಗೂ ಬೀಳುವುದಿಲ್ಲ.

ನಿಮಗೆ ಮೂರನೇ ದಾರಿ ಒಂದು ಉಂಟು. ರೇಟ್ ಮುಟ್ಟಬೇಡಿ, ದಿನ ಕಡಿಮೆ ಮಾಡಿ. 1970ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಗೆ ಆರ್ಡರ್ ಕಡಿಮೆಯಾದಾಗ 10 ಪರ್ಸೆಂಟ್ ಜನರನ್ನು ತೆಗೆಯುವ ಬದಲು, ಎರಡು ವಾರಕ್ಕೆ ಒಂದು ಶುಕ್ರವಾರ ಎಲ್ಲರಿಗೂ ರಜೆ ಕೊಟ್ಟು ಸಂಬಳ 10 ಪರ್ಸೆಂಟ್ ಕಡಿಮೆ ಮಾಡಿದರು, ಮೇಲಿನವರೂ ಸೇರಿ. ಕೆಲಸ ಬಂದ ಮೇಲೆ ಮೊದಲಿನ ಹಾಗೆ. ಜರ್ಮನಿಯಲ್ಲಿ ಇದಕ್ಕೆ ಸರಕಾರವೇ ಹಣ ಕೊಡುತ್ತದೆ. ಕಡಿಮೆಯಾದ ಕೈಗೆ ಬರುವ ಸಂಬಳದಲ್ಲಿ 60 ಪರ್ಸೆಂಟ್, ಮಕ್ಕಳಿದ್ದರೆ 67 ಪರ್ಸೆಂಟ್ ತುಂಬಿ ಕೊಡುತ್ತಾರೆ. 2009ರ ಕುಸಿತದಲ್ಲಿ 14 ಲಕ್ಷಕ್ಕೂ ಹೆಚ್ಚು ಜನ ಒಂದೇ ಸಲ ಅದರಲ್ಲಿದ್ದರು, ಅಲ್ಲಿ ನಿರುದ್ಯೋಗ ಅಷ್ಟಾಗಿ ಏರಲಿಲ್ಲ.

ದಿನ ಕಡಿಮೆಯಾದಾಗ ಮನುಷ್ಯನಿಗೆ "ನನ್ನ ಬೆಲೆ ಇಳಿಯಿತು" ಅನ್ನಿಸುವುದಿಲ್ಲ. 700ರ ಕೆಲಸಕ್ಕೆ 700 ಸಿಕ್ಕಿತು, ಕೆಲಸ ಕಡಿಮೆ ಇತ್ತು, ಅಷ್ಟೇ.


ಅಚ್ಚುಮೊಳೆ (ಮಂಗಳೂರು):

ಜರ್ಮನಿಯ ಸರಕಾರ ಬೈಕಂಪಾಡಿಗೆ ಬರುತ್ತದಾ ಮಾರಾಯ್ರೆ :)


ಎಲೆ_ಸೊಪ್ಪು (ಕಾಪು):

ಜರ್ಮನಿಗೆ ಯಾಕೆ ಹೋಗಬೇಕು, ನಮ್ಮ ಅಮ್ಮ ಬೀಡಿ ಕಟ್ಟಿದವರು. ಬ್ರಾಂಚಿನಲ್ಲಿ ಮಾಲು ಕಡಿಮೆ ಬಂದಾಗ ಯಾರ ಕಾರ್ಡನ್ನೂ ತೆಗೆಯುವುದಿಲ್ಲ. ಎಲ್ಲರಿಗೂ ಎಲೆ, ಹೊಗೆಸೊಪ್ಪು ಕಡಿಮೆ ಕೊಡುತ್ತಾರೆ. ವಾರಕ್ಕೆ ಆರು ದಿನ ಇದ್ದದ್ದು ನಾಲ್ಕು ದಿನ, ಮೂರು ದಿನ ಅಂತ ಆಗುತ್ತದೆ. ಸಾವಿರ ಬೀಡಿಗೆ ಮಜೂರಿ ಅಷ್ಟೇ ಇರುತ್ತದೆ. ಇದು ಮಣಿಪಾಲದ ಸರ್ ಹೇಳಿದ ಮೂರನೇ ದಾರಿಯೇ ಅಲ್ವಾ?

ಆದರೆ ಅದರ ಇನ್ನೊಂದು ಮುಖವನ್ನೂ ಹೇಳುತ್ತೇನೆ. ಯಾರ ಕೆಲಸವೂ ಹೋಗಲಿಲ್ಲ, ಎಲ್ಲರ ಹೊಟ್ಟೆಯೂ ಅರ್ಧ ತುಂಬಿತು. ಮೂರು ದಿನದ ಎಲೆ ಸಿಕ್ಕಿದ ವಾರ ಅಮ್ಮ ಬೇರೆ ಕೆಲಸ ಹುಡುಕಲಿಲ್ಲ, ಯಾಕೆಂದರೆ ಮುಂದಿನ ವಾರ ಐದು ದಿನ ಸಿಗಬಹುದು ಅಂತ ಕಾಯುತ್ತಿದ್ದರು. ಹಾಗೆ ಕಾದು ಕಾದು ವರ್ಷಗಳು ಹೋದವು. ನಿಮ್ಮವರಿಗೆ ರಜೆ ಯಾವ ದಿನ ಅಂತ ತಿಂಗಳ ಮೊದಲೇ ಹೇಳಿ ಅಣ್ಣ. ಮೊದಲೇ ಗೊತ್ತಿದ್ದರೆ ಅವತ್ತು ಅಡಕೆ ಸುಲಿಯಲಿಕ್ಕೋ, ಕೇಟರಿಂಗಿಗೆ ಬಡಿಸಲಿಕ್ಕೋ ಹೋಗಬಹುದು. ಬೆಳಿಗ್ಗೆ ಫೋನ್ ಮಾಡಿ "ಇವತ್ತು ಬೇಡ" ಅಂದರೆ ಆ ದಿನ ಸತ್ತ ಹಾಗೆ.


ಟೈಮ್_ಆಫೀಸ್ (ನಿವೃತ್ತ):

ಕಾಪುವಿನವರು ಹೇಳಿದ್ದು ಬಹಳ ಸರಿ. ಅದಕ್ಕೆ ನನ್ನದು ಒಂದೆರಡು ಸೇರಿಸುತ್ತೇನೆ.

ದಿನ ಕಡಿಮೆ ಮಾಡುವುದಾದರೆ ಪೂರ್ತಿ ದಿನ ಕಡಿಮೆ ಮಾಡಿ. ಬೆಳಿಗ್ಗೆ ಕರೆಸಿ ಮಧ್ಯಾಹ್ನ ಕೆಲಸ ಇಲ್ಲ ಅಂತ ಕಳಿಸಿದರೆ ಕಾಯಿದೆ ಪ್ರಕಾರ ಆ ಇಡೀ ದಿನದ ಕನಿಷ್ಠ ವೇತನ ಕೊಡಬೇಕು. ಲೇಆಫ್ ದಿನಕ್ಕೆ ಅರ್ಧ ಸಂಬಳ ಕೊಡಬೇಕು ಅನ್ನುವ ನಿಯಮ 50 ಜನಕ್ಕಿಂತ ಕಡಿಮೆ ಇರುವ ಯೂನಿಟ್ಟಿಗೆ ಇಲ್ಲ, ಆದರೆ ಹಾಗಂತ ಬಾಯಿಮಾತಿನಲ್ಲಿ ಮಾಡಬೇಡಿ. ಕನ್ನಡದಲ್ಲಿ ಒಪ್ಪಂದ ಬರೆಯಿರಿ, ಎಷ್ಟು ದಿನ, ಯಾವ ತಾರೀಕಿನವರೆಗೆ, ಎಲ್ಲರ ಸಹಿ. ನಾಳೆ ಗ್ರಾಚ್ಯುಟಿಗೆ ವರ್ಷಕ್ಕೆ 240 ದಿನದ ಲೆಕ್ಕ ಬರುತ್ತದೆ, ಒಪ್ಪಂದದ ಮೇಲೆ ಲೇಆಫ್ ಆದ ದಿನಗಳನ್ನು ಅದಕ್ಕೆ ಸೇರಿಸುತ್ತಾರೆ. ಕಾಗದ ಇಲ್ಲದಿದ್ದರೆ ಗೈರುಹಾಜರಿ ಅಂತಾಗುತ್ತದೆ.

ಇಎಸ್‌ಐ (ಕೆಲಸಗಾರರ ಸರಕಾರಿ ವಿಮೆ) ಕಡೆಗೂ ಕಣ್ಣಿರಲಿ. ಕಾಯಿಲೆ ರಜೆಯ ಹಣ ಸಿಗಬೇಕಾದರೆ ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಬೇಕು, ಅಂದರೆ ತಿಂಗಳಿಗೆ 13 ದಿನ. ಅದಕ್ಕಿಂತ ಕೆಳಗೆ ಹೋಗಲೇಬೇಡಿ.

ಮತ್ತೆ, ಕೊನೆಗೂ ಯಾರನ್ನಾದರೂ ತೆಗೆಯಬೇಕಾಗಿ ಬಂದರೆ ಅವರಿಗೆ ಇಎಸ್‌ಐನ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯ ಬಗ್ಗೆ ಹೇಳಿ. ಕೆಲಸ ಹೋದವರಿಗೆ 90 ದಿನದವರೆಗೆ ಸರಾಸರಿ ದಿನಗೂಲಿಯ ಒಂದು ಭಾಗ ಕೊಡುವ ಯೋಜನೆ. 2018ರಲ್ಲಿ 25 ಪರ್ಸೆಂಟ್ ಇತ್ತು, 2020ರಲ್ಲಿ 50 ಮಾಡಿದರು. ಅವಧಿ ಹಾಕಿ ಹಾಕಿ ಮುಂದುವರಿಸುವ ಯೋಜನೆ ಇದು, ಹಾಗಾಗಿ ಇಎಸ್‌ಐ ಆಫೀಸಿಗೆ ಹೋಗಿ ಕೇಳಿಯೇ ಅರ್ಜಿ ಹಾಕಿಸಿ. ನಮ್ಮ ಜನಕ್ಕೆ ಇದು ಗೊತ್ತೇ ಇಲ್ಲ, ಇಎಸ್‌ಐ ಅಂದರೆ ಮಾತ್ರೆ ಕೊಡುವ ಜಾಗ ಅಂತಲೇ ತಿಳಿದಿದ್ದಾರೆ.


ಧಕ್ಕೆ_ಗಾಳಿ (ಮಲ್ಪೆ):

ನಮ್ಮಲ್ಲಿ ಈ ಪ್ರಶ್ನೆಯೇ ಬರುವುದಿಲ್ಲ. ಬೋಟಿನಲ್ಲಿ ಪಾಲು. ಮೀನು ಮಾರಿದ ಹಣದಲ್ಲಿ ಡೀಸೆಲ್, ಐಸ್, ರೇಷನ್ ಕಳೆದು ಉಳಿದದ್ದರಲ್ಲಿ ಮಾಲೀಕನಿಗೆ ಇಷ್ಟು, ಜನಕ್ಕೆ ಇಷ್ಟು. ಮೀನು ಇಲ್ಲದಿದ್ದರೆ ಪಾಲೂ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟ್ ಕಟ್ಟಿ ಹಾಕುತ್ತೇವೆ, ಆಗ ಯಾರೂ ನನ್ನನ್ನು ಕೆಲಸದಿಂದ ತೆಗೆದರು ಅನ್ನುವುದಿಲ್ಲ.

ಆದರೆ ಒಂದು ಮಾತು, ಸಿಟ್ಟು ಮಾಡಬೇಡಿ. ಬಂಗುಡೆ ಬಲೆ ಹರಿಯುವಷ್ಟು ಬಿದ್ದಾಗ ನಮ್ಮ ತಂಡೇಲನ (ಬೋಟ್ ನಡೆಸುವವನ) ಪಾಲೂ ಏರುತ್ತದೆ. ಹಾಗಾಗಿ ಇಳಿಯುವಾಗ ಯಾರೂ ಮಾತಾಡುವುದಿಲ್ಲ. ನಿಮಗೆ ನಾಲ್ಕು ವರ್ಷ ಹಿಂದೆ ಎಟ್ಟಿ ಚೆನ್ನಾಗಿ ಹೋಗುತ್ತಿದ್ದಾಗ ಲಾಭ ಬಂದಿರಬೇಕಲ್ಲ, ಆಗ ನಿಮ್ಮವರಿಗೆ ಪಾಲು ಕೊಟ್ಟಿದ್ದೀರಾ? ಕೊಟ್ಟಿಲ್ಲ ಅಂದರೆ ಈಗ ನಷ್ಟದಲ್ಲಿ ಪಾಲು ಕೇಳುವಾಗ ಸ್ವಲ್ಪ ತಲೆ ತಗ್ಗಿಸಿ ಕೇಳಿ.


ರಟ್ಟಿನ_ಪೆಟ್ಟಿಗೆ (ಬೈಕಂಪಾಡಿ):

ಮಲ್ಪೆಯವರೇ, ನಿಮ್ಮ ಮಾತು ನೇರ ಬಂದು ತಾಗಿತು. ಕೊಟ್ಟಿಲ್ಲ. ಬೋನಸ್ ಕೊಟ್ಟಿದ್ದೆ, ಚೌತಿಗೆ ಸ್ವೀಟ್ ಬಾಕ್ಸ್ ಕೊಟ್ಟಿದ್ದೆ. ಲಾಭದಲ್ಲಿ ಫ್ಲೆಕ್ಸೋ ಮಿಷನ್ ತೆಗೆದೆ, ಮನೆಗೆ ಮೇಲಿನ ಅಂತಸ್ತು ಹಾಕಿದೆ. ಸುರತ್ಕಲ್‌ನ ತಂಗಿ ಕೇಳಿದ್ದೂ ಸರಿ. ಆ 45,000 ನನಗೆ ಲೆಕ್ಕದಲ್ಲೇ ಇರಲಿಲ್ಲ, ಬರೆಯುವಾಗ ಕೂಡ.

ಅಚ್ಚುಮೊಳೆಯವರ ಮಾತು ಕೇಳಿ ಎರಡು ದಿನ ಗಿರಾಕಿಗಳ ಹತ್ತಿರ ತಿರುಗಿದೆ, ಹೊಳೆ ದಾರಿ ಬದಲಿಸಿತಾ ಅಂತ ತಿಳಿಯಲಿಕ್ಕೆ. ಗೇರುಬೀಜದವರು ಕೋಲ್ಡ್ ಸ್ಟೋರೇಜಿನ ಬೀಗ ತೆಗೆದು ತೋರಿಸಿದರು, ಅವರದ್ದು ಮಾಲು ನಿಂತಿದೆ, ಆದರೆ ಪೆಟ್ಟಿಗೆ ಬಿಟ್ಟು ಬೇರೆಯದಕ್ಕೆ ಹೋಗುವ ಯೋಚನೆ ಇಲ್ಲ. ಎಟ್ಟಿಯವರು ಬೇರೆ ದೇಶದ ಗಿರಾಕಿ ಹುಡುಕುತ್ತಿದ್ದಾರೆ. ಸಿಕ್ಕಿದರೆ ಪೆಟ್ಟಿಗೆ ಬೇಕೇ ಬೇಕು, ಎಟ್ಟಿಯನ್ನು ವಾಟ್ಸಾಪಿನಲ್ಲಿ ಕಳಿಸಲಿಕ್ಕೆ ಆಗುವುದಿಲ್ಲ. ಹಾಗಾಗಿ ಆರು ತಿಂಗಳು ಕಾಯಬಹುದು ಅಂತ ನನ್ನ ಅಂದಾಜು.

ಶನಿವಾರ ಎಲ್ಲರ ಜೊತೆ ಕೂತು ಮಾತಾಡುತ್ತೇನೆ. ಆದದ್ದನ್ನು ಬರೆಯುತ್ತೇನೆ.


ಅಚ್ಚುಮೊಳೆ (ಮಂಗಳೂರು):

ವಾಟ್ಸಾಪಿನ ಮಾತಿಗೆ ನಗು ಬಂತು. ಸರಿ, ನಿಮ್ಮದು ಮಳೆ ಇರಬಹುದು. ಆದರೂ ತಾರೀಕು ಹಾಕಿ. ಆ ತಾರೀಕಿಗೆ ಆರ್ಡರ್ ಬರದಿದ್ದರೆ ಇನ್ನೊಂದು ತಿಂಗಳು ಅಂತ ಎಳೆಯಬೇಡಿ, ನಾನು ಎಳೆದೆ.


ರಟ್ಟಿನ_ಪೆಟ್ಟಿಗೆ (ಬೈಕಂಪಾಡಿ):

ಶನಿವಾರ ಆಯಿತು. ಮೂರು ಗಂಟೆಗೆ ಮಿಷನ್ ನಿಲ್ಲಿಸಿ ಎಲ್ಲರನ್ನೂ ಅಂಟಿಸುವ ಮೇಜಿನ ಸುತ್ತ ಕರೆದೆ. ಚಾ ಮತ್ತು ಗೋಳಿಬಜೆ ತರಿಸಿದ್ದೆ, ತಪ್ಪಾಯಿತು, ಗೋಳಿಬಜೆ ನೋಡಿಯೇ ಎಲ್ಲರಿಗೂ ಏನೋ ಕೆಟ್ಟ ಸುದ್ದಿ ಅಂತ ಗೊತ್ತಾಗಿ ಯಾರೂ ಮುಟ್ಟಲಿಲ್ಲ.

ಲೆಡ್ಜರನ್ನೇ ಮೇಜಿನ ಮೇಲೆ ಬಿಡಿಸಿ ಇಟ್ಟೆ. ಬ್ಯಾಂಕಿನ ಕಾಗದವನ್ನೂ ಇಟ್ಟೆ. ಹೀಗೆ ತೋರಿಸಿದ್ದು ಇದೇ ಮೊದಲು, ಕೈ ನಡುಗಿತು. ನನ್ನ 45,000ವನ್ನು 20,000 ಮಾಡಿದ್ದೇನೆ ಅಂತ ಮೊದಲು ಹೇಳಿದೆ. ಆಮೇಲೆ ದಿನದ ವಿಷಯ ಹೇಳಿದೆ. 26 ದಿನದ ಬದಲು 22 ದಿನ, ಎಲ್ಲರಿಗೂ, ದಿನದ ರೇಟ್ ಯಾರದ್ದೂ ಇಳಿಯುವುದಿಲ್ಲ. ಅದರಿಂದ 43,000 ಉಳಿಯುತ್ತದೆ, ನನ್ನದು 25,000, ಒಟ್ಟು 68,000. ಉಳಿದ 2,000ಕ್ಕೆ ಏನಾದರೂ ಮಾಡುವ. ನೋಟಿಸಿನ 21 ದಿನ ಬಿಟ್ಟು ಶುರು, ಅಲ್ಲಿಂದ ಆರು ತಿಂಗಳು. ರಜೆ ಯಾವ ದಿನ ಅಂತ ತಿಂಗಳ ಮೊದಲ ವಾರವೇ ಬೋರ್ಡಿನಲ್ಲಿ ಬರೆಯುತ್ತೇನೆ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಂಟಿಸುವ ಅಕ್ಕ ಲೆಡ್ಜರನ್ನು ತನ್ನ ಕಡೆ ಎಳೆದುಕೊಂಡು, ಕರೆಂಟ್ ಬಿಲ್ಲಿನ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು, "ಇದು ಯಾಕೆ ಇಷ್ಟು? ಗಂಜಿ ದಿನಾ ಎರಡು ಸಲ ಕಾಯಿಸುತ್ತೇವಲ್ಲ, ಕೆಲಸ ಕಡಿಮೆ ಇರುವಾಗ ಒಂದೇ ಸಲ ಕಾಯಿಸಿದರೆ ಸಾಲದಾ?" 19 ವರ್ಷದಲ್ಲಿ ಅವರಿಗೆ ಬಿಲ್ ತೋರಿಸಿದವರು ಯಾರೂ ಇಲ್ಲ. ಪಿನ್ ಹೊಡೆಯುವ ಇಬ್ಬರು ಶನಿವಾರ ಬೇಡ, ಸೋಮವಾರ ರಜೆ ಕೊಡಿ ಅಂದರು. ಟೆಂಪೋ ಓಡಿಸುವವರು ರಜೆ ದಿನ ಗಾಡಿಯನ್ನು ಬಾಡಿಗೆಗೆ ಓಡಿಸಿದರೆ ಅರ್ಧರ್ಧ ಮಾಡಿಕೊಳ್ಳುವನಾ ಅಂತ ಕೇಳಿದರು. ಆ 2,000 ಅಲ್ಲಿ ಸಿಕ್ಕಿತು ಅಂತ ಕಾಣುತ್ತದೆ.

ಲಾಭ ಬಂದರೆ ಪಾಲು ಕೊಡುತ್ತೇನೆ ಅಂತಲೂ ಕಾಗದದಲ್ಲಿ ಬರೆದಿದ್ದೇನೆ ಮಲ್ಪೆಯವರೇ. ಎಷ್ಟು ಅಂತ ಬರೆಯಲು ಧೈರ್ಯ ಸಾಲಲಿಲ್ಲ. ಹೆಲ್ಪರ್ ಒಬ್ಬ ಅದನ್ನೇ ಹಿಡಿದು ಕೇಳಿದ. ಮುಂದಿನ ತಿಂಗಳು ಹೇಳುತ್ತೇನೆ ಅಂದಿದ್ದೇನೆ.

13 ಸಹಿ ಆಯಿತು. ಫ್ಲೆಕ್ಸೋ ಹುಡುಗ ಮನೆಯಲ್ಲಿ ಕೇಳಿ ಹೇಳುತ್ತೇನೆ ಅಂದ. ಇವತ್ತು ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಬಂದು ರೋಲರ್ ತೊಳೆದಿಟ್ಟಿದ್ದಾನೆ, ಆದರೆ ಮಾತಾಡಲಿಲ್ಲ. ಹೋಗುವವನು ಮಿಷನ್ ಚೊಕ್ಕ ಮಾಡಿ ಬಿಟ್ಟು ಹೋಗುತ್ತಿದ್ದಾನಾ, ಇರುವವನು ಕೆಲಸ ಶುರು ಮಾಡಿದ್ದಾನಾ ಅಂತ ಗೊತ್ತಾಗುತ್ತಿಲ್ಲ. ಕೇಳಲಿಕ್ಕೆ ಹೆದರಿಕೆ.

ರೀಲ್ ಲಾರಿ ಬಂತು, ಇಳಿಸಬೇಕು. ಅವನು ಸಹಿ ಹಾಕಿದರೆ ಬರೆಯುತ್ತೇನೆ.